ಕೋಲಾರಕ್ಕೆ ಬಂದ ಉಳ್ಳಾಗಡ್ಡಿ

ನಾನು ಬಾಯಿ ತೆರೆದರೆ ಏನಾದರೊಂದು ಆಗಿಯೇ ಆಗುತ್ತದೆ. ಈ ವಯಸ್ಸಿನಲ್ಲೂ ಆಗುತ್ತದೆ, ಮೊನ್ನೆ ಔಷಧಿ ಅಂಗಡಿಯಲ್ಲೂ ಆಯಿತು. ಆದರೆ ಸೊಸೆಯಾಗಿ ಕೋಲಾರಕ್ಕೆ ಬಂದ ಹೊಸದರಲ್ಲಿ ಆದಷ್ಟು ಮತ್ತೆ ಯಾವತ್ತೂ ಆಗಲಿಲ್ಲ.

ನಮ್ಮಪ್ಪ ಬಾಗಲಕೋಟೆ ಕಡೆಯ ಮಗ್ಗದವನು. ಕೋಲಾರದಿಂದ ರೇಷ್ಮೆ ನೂಲು ಮಾರಲು ಬರುತ್ತಿದ್ದವರ ಮಗನಿಗೇ ನನ್ನನ್ನು ಕೊಟ್ಟ. ನೂಲಿನ ಗಂಟು ಇಳಿಸಿಕೊಂಡು, ಅದೇ ಜಾಗಕ್ಕೆ ನನ್ನನ್ನು ಹತ್ತಿಸಿ ಕಳಿಸಿದ ಅನ್ನಿ. ಆಗ ನಮ್ಮೂರು ಇಂಗ್ಲಿಷರದು, ಕೋಲಾರ ಮೈಸೂರು ಮಹಾರಾಜರದು. ಬೇರೆ ಸೀಮೆ, ಬೇರೆ ದೊರೆ, ಬೇರೆ ಊಟ. "ಅಲ್ಲೂ ಕನ್ನಡಾನ ಮಾತಾಡತಾರ, ಹೆದರಬ್ಯಾಡ" ಅಂತ ಅವ್ವ ಧೈರ್ಯ ಹೇಳಿದ್ದಳು. ಅವ್ವ ಕೋಲಾರ ನೋಡಿರಲಿಲ್ಲ. ಇಲ್ಲಿ ಬೀದಿಯಲ್ಲಿ ಅರ್ಧ ತೆಲುಗು. ಉಳಿದರ್ಧ ಕನ್ನಡ, ಅದೂ ನನ್ನ ಕನ್ನಡ ಅಲ್ಲ.

ಊರು ಬಿಟ್ಟೆ, ಅಪ್ಪ ಅವ್ವನನ್ನು ಬಿಟ್ಟೆ, ಜೋಳದ ರೊಟ್ಟಿ ಬಿಟ್ಟು ರಾಗಿ ಮುದ್ದೆ ನುಂಗುವುದನ್ನೂ ಕಲಿತೆ. ಮಾತು ಮಾತ್ರ ಬಿಡೋದಿಲ್ಲ ಅಂತ ಬಂದ ವಾರವೇ ತೀರ್ಮಾನ ಮಾಡಿಬಿಟ್ಟೆ. ಆಮೇಲೆ ಆದದ್ದಕ್ಕೆಲ್ಲ ಅದೇ ಮೂಲ.

ಮಾವನ ಪಾಲು

ಒಂದು ಬೆಳಿಗ್ಗೆ ನಡುಮನೆಯಲ್ಲಿ ನಾನೊಬ್ಬಳೇ ಇದ್ದೆ. ಬಾಗಿಲ ಆಚೆಯಿಂದ ಒಂದು ಹೆಣ್ಣುದನಿ: "ಪಾಲಮ್ಮಾ, ಪಾಲು!"

ನಮ್ಮೂರಲ್ಲಿ ಪಾಲು ಅಂದರೆ ಆಸ್ತಿಯ ಪಾಲು. ಇದ್ಯಾರಪ್ಪಾ ಹೊತ್ತು ಹುಟ್ಟೋ ಮುಂಚೆ ಪಾಲು ಕೇಳೋಕೆ ಬಂದಿರೋದು ಅಂತ ಬಾಗಿಲ ಹಿಂದಿನಿಂದಲೇ ಕೇಳಿದೆ, "ಯಾರ್ರೀ ನೀವು? ಪಾಲು ಕೇಳಾಕ ನೀವು ಈ ಮನೀಗೆ ಏನಾಗಬೇಕು?"

ಅವಳು ನಕ್ಕಳು. "ಏನಮ್ಮಾ ಹಂಗಂತೀಯ! ಎಷ್ಟು ವರ್ಷದಿಂದ ಬರ್ತಿದೀನಿ. ನಿಮ್ಮ ಮಾವನವರಿಗೆ ನನ್ನ ಪಾಲೇ ಆಗಬೇಕು, ಬೇರೆಯವರದು ಮುಟ್ಟಲ್ಲ."

ಹಿತ್ತಲಿಗೆ ಓಡಿದೆ. ಅತ್ತೆ ಗುಡಿಸುತ್ತಿದ್ದರು. "ಅತ್ತಿ, ಮಾವಾರಿಗೆ ಇನ್ನೊಂದು ಮನಿ ಐತಂತ! ಆಕಿ ಪಾಲು ಕೇಳಾಕ ಬಾಗಲಾಗ ನಿಂತಾಳ!"

ಅತ್ತೆ ಹಿಡಿದ ಪೊರಕೆ ಹಿಡಿದ ಹಾಗೆಯೇ ಮುಂಬಾಗಿಲಿಗೆ ನುಗ್ಗಿದರು. ಅಲ್ಲಿ ನಿಂತಿದ್ದವಳು ಪಕ್ಕದ ಹಳ್ಳಿಯ ಹಾಲಿನವಳು, ಸೊಂಟದಲ್ಲಿ ಹಾಲಿನ ತಂಬಿಗೆ.

"ಪಾಲು ಅಂದ್ರೆ ತೆಲುಗಲ್ಲಿ ಹಾಲು ಕಣೇ!" ಅಂತ ಅತ್ತೆ ತಲೆ ಚಚ್ಚಿಕೊಂಡರು.

"ಹಾಲಿಗೆ ಹಾಲು ಅನ್ನಾಕ ನಿಮಗೇನಾಗೇತ್ರೀ?" ಅಂದೆ.

"ಬಾಯಿ ನೋಡು ಇವಳದು! ನಾಲಿಗೆ ತಿರುಗೋವರೆಗೂ ತವರಲ್ಲೇ ಇರು ಅಂತ ಕಳಿಸಿಬಿಡ್ತೀನಿ."

"ಅಲ್ಲಿಗೆ ಹೋದ್ರ ಅದು ಇನ್ನಷ್ಟು ಆ ಕಡೀಗೇ ತಿರಗತೈತಲ್ರೀ ಅತ್ತಿ."

ಮೇಲೆ ಹಾಗಂದೆ, ಒಳಗೆ ಹೆದರಿದ್ದೆ. ನಮ್ಮ ಬೀದಿಯಲ್ಲೇ ಒಬ್ಬ ಸೊಸೆಯನ್ನು ಹಾಗೆ ತವರಿಗೆ ಕಳಿಸಿದವರು ವರ್ಷ ಕಳೆದರೂ ಕರೆಸಿಕೊಂಡಿರಲಿಲ್ಲ. ನನ್ನ ಯಜಮಾನರೋ, ತಾಯಿಯ ಮಾತಿಗೆ ಎದುರಾಡುವವರಲ್ಲ.

ಹಾಲಿನವಳ ವಿಷಯ ಅವತ್ತಿಗೆ ಮುಗಿಯಿತು ಅಂದುಕೊಂಡೆ. ಆದರೆ ಮಾರನೆಯ ದಿನದಿಂದ ಹಾಲು ಹಾಕಿಸಿಕೊಳ್ಳಲು ಅತ್ತೆಯೇ ಹೋಗತೊಡಗಿದರು. ಮಾವನನ್ನು ಬಾಗಿಲ ಹತ್ತಿರಕ್ಕೇ ಬಿಡಲಿಲ್ಲ.

ಅಳೋ ಗಡ್ಡೆ

"ಪೇಟೆಗೆ ಹೋಗಿ ಎರ್ರಗಡ್ಡ ತಗೊಂಡು ಬಾ" ಅಂದರು ಅತ್ತೆ. ಎರ್ರಗಡ್ಡ ಅಂದರೆ ಈರುಳ್ಳಿ ಅಂತ ಯಜಮಾನರು ಹೇಳಿಕೊಟ್ಟಿದ್ದರು. ಆ ಹೆಸರು ನನಗೆ ಬರುತ್ತಿತ್ತು. ಆದರೂ ನಮ್ಮ ಉಳ್ಳಾಗಡ್ಡಿ ಇಷ್ಟು ದೂರ ಬಂದು ಹೆಸರು ಯಾಕೆ ಬದಲಾಯಿಸಿಕೊಳ್ಳಬೇಕು? ನಾನು ಬದಲಾಯಿಸಿಕೊಂಡೆನಾ?

ಪೇಟೆಯಲ್ಲಿ ವೇಮಗಲ್ ಕಡೆಯ ಒಬ್ಬಳು ತರಕಾರಿ ಹರಡಿಕೊಂಡು ಕೂತಿದ್ದಳು. "ಉಳ್ಳಾಗಡ್ಡಿ ಕೊಡ್ರಿ" ಅಂದೆ. ತಕ್ಕಡಿಗೆ ಬಟಾಟಿ, ಅದೇ ಆಲೂಗಡ್ಡೆ, ಸುರಿದಳು.

"ಇದಲ್ಲರೀ, ಉಳ್ಳಾಗಡ್ಡಿ!"

"ಇದೇ ಅಲ್ವೇನಮ್ಮಾ ಉರ್ಲಗಡ್ಡ?"

"ಇದು ಬಟಾಟಿ."

"ಬಟಾಟೀನಾ? ಅದ್ಯಾವ ದೇವರಮ್ಮಾ?"

ಈರುಳ್ಳಿ ಎಲ್ಲೋ ಗೋಣಿಯೊಳಗಿತ್ತು, ಬೆರಳು ಮಾಡಿ ತೋರಿಸೋಣ ಅಂದರೆ ಕಾಣಿಸುತ್ತಿರಲಿಲ್ಲ. ಸರಿ, ಅಭಿನಯ ಮಾಡಿ ತಿಳಿಸೋಣ ಅಂತ ಕೈಯಲ್ಲೇ ಹೆಚ್ಚಿದ ಹಾಗೆ ಮಾಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಮೂಗು ಸೊರಸೊರ ಅನ್ನಿಸಿದೆ. ಅಷ್ಟರಲ್ಲಿ ಜನ ಸೇರಿದರು. ಒಬ್ಬ ತಾತ ಮುಂದೆ ಬಂದು ತರಕಾರಿಯವಳನ್ನು ಗದರಿಕೊಂಡ. "ಏನಮ್ಮೀ, ಪರಸ್ಥಳದ ಹುಡುಗೀನ ನಡುಬೀದೀಲಿ ಅಳಿಸ್ತೀಯಲ್ಲ! ತೂಕ ಸರಿಯಾಗಿ ಹಾಕು!"

ಅವಳು ಬೆದರಿ ಇನ್ನೆರಡು ಬಟಾಟಿ ಎಸೆದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಟ್ಟಿಕೊಂಡು ಬಂದೆ.

"ಎರ್ರಗಡ್ಡ ತಾ ಅಂದ್ರೆ ಉರ್ಲಗಡ್ಡ ತಂದ್ಯಾ?" ಅಂತ ಅತ್ತೆ ಹೌಹಾರಿದರು. ಯಜಮಾನರು ನಗು ತಡೆಯಲಾಗದೆ ಹಿತ್ತಲಿಗೆ ಹೋದರು.

ನಾನೇನು ಸೋಲಲಿಲ್ಲ. ಮುಂದಿನ ವಾರವೂ ಹೋಗಿ ಉಳ್ಳಾಗಡ್ಡಿ ಅಂತಲೇ ಕೇಳಿದೆ, ಅದರ ಮುಂದಿನ ವಾರವೂ ಕೇಳಿದೆ. ಕೊನೆಗೆ ಒಂದು ದಿನ ನಾನು ಬೀದಿಯ ತುದಿಯಲ್ಲಿ ಕಾಣುತ್ತಲೇ ಅವಳು ಪೇಟೆಗೆಲ್ಲ ಕೇಳುವ ಹಾಗೆ ಕೂಗಿದಳು: "ಬಾರಮ್ಮಾ, ನಿನ್ನ ಅಳೋ ಗಡ್ಡೆ ಬಂದಿದೆ!"

ಸರಿ ಸರಿ

ಎರಡನೇ ಮಹಾಯುದ್ಧದ ಕಾಲಕ್ಕೆ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದರೆ ಬಸ್ಸಿಗಿಂತ ನಾವೇ ಮುಂದೆ ನಡೆದು ಹೋಗಬಹುದಿತ್ತು. ಅಂಥ ಒಂದು ಬಸ್ಸಿನಲ್ಲಿ ಅತ್ತೆಯ ಜೊತೆ ಮಾಲೂರಿನ ನೆಂಟರ ಮನೆಗೆ ಹೊರಟೆ. ಅತ್ತೆಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನನ್ನ ಕೈಯಲ್ಲಿ ಶ್ರೀನಿವಾಸಪುರದಿಂದ ಬಂದಿದ್ದ ಹುಣಸೇಹಣ್ಣಿನ ಬುಟ್ಟಿ. ಅತ್ತೆಯ ಹಿಂದಿನ ಸೀಟಿನಲ್ಲಿ ದಪ್ಪ ಮೀಸೆಯ ಒಬ್ಬ ಯಜಮಾನ ಮೂರು ಜನರ ಜಾಗದಲ್ಲಿ ಒಬ್ಬನೇ ಕೂತಿದ್ದ.

"ಸ್ವಲ್ಪ ಸರೀರಿ" ಅಂದೆ. ನಮ್ಮ ಕಡೆ ಪಕ್ಕಕ್ಕೆ ಹೋಗಿ ಅನ್ನೋದು ಹಾಗೇ.

"ಸರೇ ಅಮ್ಮಾ" ಅಂದ. ಅಲ್ಲಾಡಲಿಲ್ಲ.

"ಸರೀರೀ!"

"ಸರಿ ಸರಿ" ಅಂತ ತಲೆಯಾಡಿಸಿದ. ಮೀಸೆ ಆಡಿತು, ಮೈ ಆಡಲಿಲ್ಲ.

"ಸರಿ ಅಂದ ಮ್ಯಾಲೆ ಸರೀಬೇಕಲ್ರೀ!" ಅಂತ ಬುಟ್ಟಿಯನ್ನು ಅವನ ತೊಡೆಯ ಮೇಲೇ ಇಟ್ಟುಬಿಟ್ಟೆ. ಬುಟ್ಟಿ ಬಂದದ್ದೇ ತಡ, ಎರಡು ಜನರ ಜಾಗ ಆಯಿತು. ಕೂತೆ.

ಅವನು ಕೋಪಿಸಿಕೊಳ್ಳುತ್ತಾನೆ ಅಂದುಕೊಂಡರೆ, ಬುಟ್ಟಿ ತಬ್ಬಿಕೊಂಡೇ ಮುಂದಕ್ಕೆ ಬಾಗಿ ಅತ್ತೆಯನ್ನು ಮಾತಾಡಿಸಿದ. "ಈ ಹುಡುಗಿ ನಿಮ್ಮ ಸೊಸೇನಾ ಅಮ್ಮಾ? ಹತ್ತಿದಾಗಿಂದ ನೋಡ್ತಿದೀನಿ, ಬಾಯಲ್ಲಿ ಸರಿ ಅನ್ನೋದು ಬಿಟ್ಟು ಬೇರೆ ಮಾತೇ ಇಲ್ಲ. ಇಂಥ ಸೊಸೆ ಸಿಗಬೇಕಾದ್ರೆ ಪುಣ್ಯ ಮಾಡಿರಬೇಕು ನೀವು!"

ಮಾಲೂರು ಬರುವವರೆಗೂ ಅತ್ತೆ ಕಿಟಕಿಯಿಂದ ಆಚೆಗೇ ನೋಡುತ್ತಿದ್ದರು.

ಚಾಲು

ನನ್ನ ನಾದಿನಿಗೆ ಮುಳಬಾಗಿಲಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗಿಯನ್ನು ನೋಡಿ ಹೋಗಿದ್ದರು, ಒಪ್ಪಿಗೆ ಹೇಳಿರಲಿಲ್ಲ. ಮಾತು ಮುಗಿಸಲು ಅತ್ತೆ ಅವರನ್ನು ಊಟಕ್ಕೆ ಕರೆಸಿದರು. ಎಲ್ಲಾ ತೀರ್ಮಾನ ಹುಡುಗನ ದೊಡ್ಡಪ್ಪನದು. ಮನೆಯಲ್ಲಿ ತೆಲುಗು ಆಡುವ ಜನ. ಆತ ಆಗಲೇ ಮೂರು ಮನೆಯ ಹುಡುಗಿಯರನ್ನು ಬೇಡ ಅಂದು ಬಂದಿದ್ದನಂತೆ. ನಾದಿನಿ ಪಾಪ, ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಬೆಳಿಗ್ಗೆಯೇ ಅತ್ತೆ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು ಹೇಳಿದರು. "ನೋಡು, ನೀನು ಬಡಿಸಿದರೆ ಸಾಕು. ಬಾಯಿ ತೆಗೀಬೇಡ. ಅವರು ಏನು ಹೇಳ್ತಾರೋ ಹಂಗೇ ಮಾಡು. ನಿನ್ನ ನಾಲಿಗೆಯಿಂದ ಈ ಮದುವೆ ಮುರೀತೋ, ನಾಳೆಯೇ ರೈಲು ಹತ್ತಿಸ್ತೀನಿ, ತಿರುಗಿ ಕರೆಸಲ್ಲ."

ಈ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ನಾನೂ ನಾಲಿಗೆ ಕಚ್ಚಿಕೊಂಡು ಬಡಿಸಲು ನಿಂತೆ. ಎಲೆ ಹಾಕಿದರು. ಒಬ್ಬಟ್ಟಿನ ತಟ್ಟೆ ಒಂದು ಕೈಯಲ್ಲಿ, ತುಪ್ಪದ ಗಿಂಡಿ ಇನ್ನೊಂದರಲ್ಲಿ. ಆ ಬರಗೆಟ್ಟ ಕಾಲದಲ್ಲಿ ಅತ್ತೆ ಹನಿ ಹನಿ ಕೂಡಿಟ್ಟಿದ್ದ ತುಪ್ಪ.

ದೊಡ್ಡಪ್ಪನಿಗೆ ಎರಡು ಒಬ್ಬಟ್ಟು ಹಾಕಿ ತುಪ್ಪ ಬಿಟ್ಟೆ. "ಚಾಲು" ಅಂದರು.

ನಮ್ಮೂರಲ್ಲಿ ಮಗ್ಗ ಚಾಲೂ, ಗಿರಣಿ ಚಾಲೂ. ಚಾಲೂ ಅಂದರೆ ನಡೀಲಿ ಅಂತ. ಇನ್ನೆರಡು ಹಾಕಿದೆ.

"ಚಾಲು, ಚಾಲು!"

ಎರಡು ಸಲ ಅಂದರೆ ಜೋರಾಗಿ ನಡೀಲಿ ಅಂತ. ಮತ್ತೆರಡು ಹಾಕಿ ತುಪ್ಪವನ್ನು ಧಾರೆಯಾಗಿ ಬಿಟ್ಟೆ. ಅವರು ಎರಡೂ ಕೈ ಎತ್ತಿ "ಚಾಲಮ್ಮಾ, ಚಾಲು ಚಾಲು!" ಅಂತ ಕೂಗಿದರು. ಎಂಥ ಆಸೆಬುರುಕ ಮುದುಕನಪ್ಪಾ ಇವನು ಅಂದುಕೊಂಡು ಗಿಂಡಿಯನ್ನೇ ಬೋರಲು ಹಾಕಿದೆ. ಎಲೆಗೆ ಬಿದ್ದದ್ದನ್ನು ಬಿಡುವ ಜನ ಅಲ್ಲ ಅವರು. ಪೂರ್ತಿ ತಿಂದರು.

ಅತ್ತೆ ನನ್ನ ಸೆರಗು ಹಿಡಿದು ಒಳಗೆಳೆದರು. "ಚಾಲು ಅಂದ್ರೆ ಸಾಕು ಅಂತ ಕಣೇ, ಮುಂಡೇದೇ! ಕೊಂದೇಬಿಟ್ಟೆಯಲ್ಲೇ ಅವರನ್ನ!"

"ಅವರು ಹೇಳಿದ್ಹಂಗ ಮಾಡು ಅಂದವರು ನೀವ, ಬಾಯಿ ತೆಗೀಬ್ಯಾಡ ಅಂದವರೂ ನೀವ. ಬಾಯಿ ತೆಗದಿದ್ರ ಹಂಗಂದ್ರೇನು ಅಂತ ಕೇಳಿರತಿದ್ದೆ!"

ಅಷ್ಟರಲ್ಲಿ ಹೊರಗಡೆ ದೊಡ್ಡಪ್ಪ ಎಲೆಯ ಮುಂದಿನಿಂದ ಏಳಲಾಗದೆ ಇಬ್ಬರ ಹೆಗಲ ಮೇಲೆ ಕೈ ಹಾಕಿ ಎದ್ದರು. ಜಗುಲಿಯ ಮೇಲೆ ಉರುಳಿಕೊಂಡವರು ಸಂಜೆಯವರೆಗೂ ಕಣ್ಣು ಬಿಡಲಿಲ್ಲ. ಮುಳಬಾಗಿಲಿನ ಬಸ್ಸು ಹೋಯಿತು. ನಾನು ಒಳಗೆ ನನ್ನ ಎರಡು ಸೀರೆ ಮಡಿಸಿ ಗಂಟು ಕಟ್ಟಿಕೊಂಡು ಕೂತೆ. ನಾದಿನಿ ನನ್ನ ಪಕ್ಕದಲ್ಲೇ ಅಳುತ್ತಾ ಕೂತಳು.

ದೀಪ ಹಚ್ಚುವ ಹೊತ್ತಿಗೆ ದೊಡ್ಡಪ್ಪ ಎದ್ದು ಕೂತು ಮಾವನನ್ನು ಕರೆದರು. "ನೋಡಿ, ಆ ಮೂರು ಮನೇಲೂ ನಾವು ಚಾಲು ಅನ್ನೋಕೆ ಮುಂಚೇನೇ ನಿಲ್ಲಿಸಿಬಿಟ್ರು. ನಿಮ್ಮ ಮನೇಲಿ ಬೇಡಿಕೊಂಡ್ರೂ ನಿಲ್ಲಿಸಲಿಲ್ಲ. ಇಂಥ ಕೈ ಇರೋ ಮನೆಯಿಂದ ಹೆಣ್ಣು ತರ್ತೀವಿ."

ಅತ್ತೆ ಒಳಗೆ ಬಂದು ನನ್ನ ಗಂಟು ಬಿಚ್ಚಿದರು. ರೈಲಿನ ಸುದ್ದಿ ಆ ಮನೆಯಲ್ಲಿ ಮತ್ತೆಂದೂ ಬರಲಿಲ್ಲ.

ಮದುವೆ ಮುಳಬಾಗಿಲಿನಲ್ಲಾಯಿತು. ಪಂಕ್ತಿಗೆ ಬಡಿಸಲು ಒಬ್ಬಟ್ಟಿನ ತಟ್ಟೆ ಹಿಡಿದು ನಾನು ಬಂದದ್ದನ್ನು ಕಂಡ ಕೂಡಲೇ ದೊಡ್ಡಪ್ಪ ಎರಡೂ ಕೈಯಿಂದ ಎಲೆ ಮುಚ್ಚಿಕೊಂಡು, ಅಪ್ಪಟ ಬಾಗಲಕೋಟೆಯವರ ಹಾಗೆ ಕೂಗಿದರು. "ಸಾಕ್ರೀ ಯವ್ವಾ, ಸಾಕ್ರೀ!" ಅವರನ್ನು ನೋಡಿ ಪಂಕ್ತಿಗೆ ಪಂಕ್ತಿಯೇ "ಸಾಕ್ರೀ, ಸಾಕ್ರೀ" ಅಂತ ಕೈ ಮುಗಿಯಿತು. ಇದನ್ನು ಯಾರಪ್ಪಾ ಹೇಳಿಕೊಟ್ಟವರು ಅಂತ ತಿರುಗಿ ನೋಡಿದರೆ, ಕಂಬದ ಹಿಂದೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು.

ನಾನು ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡು ದೊಡ್ಡಪ್ಪನ ಮುಂದೆ ನಿಂತು ಕೇಳಿದೆ, "ಸಾಕು ಅಂದ್ರ ಏನ್ರೀ? ನನಗ ನಿಮ್ಮ ಭಾಷಾ ತಿಳಿಯೂದಿಲ್ಲ."

ಕೇಳಿ, ಇನ್ನೆರಡು ಹಾಕಿದೆ.