ಬ್ಲ್ಯಾಕ್ ಬೆಲ್ಟ್ ಬಾಲರಾಜು

ಎಲ್ಲಕ್ಕೂ ಮೂಲ ಒಂದು ಕರ್ಚೀಫು.

ಚನ್ನಪಟ್ಟಣದಿಂದ ಬಿಡದಿಯ ಫ್ಯಾಕ್ಟರಿಗೆ ದಿನಾ ಪ್ಯಾಸೆಂಜರ್ ರೈಲಿನಲ್ಲಿ ಹೋಗಿಬರುವ ಬಾಲರಾಜು, ರೈಲು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಲ್ಲಿ ಕೈ ತೂರಿಸಿ ಸೀಟಿನ ಮೇಲೆ ಕರ್ಚೀಫು ಹಾಕುವವರ ಪೈಕಿ. ಆ ರೈಲಿನಲ್ಲಿ ಕರ್ಚೀಫು ಬಿದ್ದ ಸೀಟು ರಿಜಿಸ್ಟ್ರಾದ ಸೈಟಿದ್ದ ಹಾಗೆ. ಹಾಕಿದವನು ಬಂದು ಕೂರುವ ತನಕ ಇನ್ನೊಬ್ಬ ಮುಟ್ಟುವಂತಿಲ್ಲ. ಆದರೆ ಈಚೆಗೆ ಅದೇ ಬೋಗಿಗೆ ಹತ್ತಲು ಶುರುಮಾಡಿದ್ದ ಒಬ್ಬ ದಪ್ಪ ಮೀಸೆಯ ಭಾರಿ ಆಸಾಮಿಗೆ ಈ ಕಾನೂನು ಗೊತ್ತಿರಲಿಲ್ಲ. ಬಾಲರಾಜುವಿನ ಕರ್ಚೀಫಿನ ಮೇಲೆ ತನ್ನ ಕೆಂಪು ಟವೆಲ್ ಎಸೆದು, ಟವೆಲಿನ ಮೇಲೆ ತಾನು ಕೂತುಬಿಡುತ್ತಿದ್ದ. ಬಾಲರಾಜು ಕಂಬಿ ಹಿಡಿದು ಬಿಡದಿಯವರೆಗೂ ನಿಲ್ಲುತ್ತಿದ್ದ.

ಶನಿವಾರ ಧೈರ್ಯ ಮಾಡಿ ಕೇಳಿಯೇಬಿಟ್ಟ. "ಅಲ್ಲಿ... ನನ್ ಕರ್ಚೀಫಿತ್ತು."

ಆಸಾಮಿ ಒಂದು ಗೇಣು ಎದ್ದು, ಕೆಳಗೆ ಕೈ ಹಾಕಿ, ಇಸ್ತ್ರಿ ಮಾಡಿದಂತಾಗಿದ್ದ ಕರ್ಚೀಫನ್ನು ಎಳೆದುಕೊಟ್ಟ. "ಓ, ಇದಾ? ತಕಳಿ. ಕಾಣ್ಲೇ ಇಲ್ಲ ಕಣ್ರೀ."

ಬೋಗಿಗೆ ಬೋಗಿಯೇ ನಕ್ಕಿತು. ಬಾಲರಾಜುವಿನ ಮುಖ ಆ ಟವೆಲಿಗಿಂತ ಕೆಂಪಾಯಿತು.

ಅಂದು ಮನೆಗೆ ಬಂದವನು ಊಟ ಮಾಡುತ್ತಲೇ ಮೊಬೈಲಿನಲ್ಲಿ ಕರಾಟೆಯ ವಿಡಿಯೋ ನೋಡಿದ. ತನ್ನದೇ ವಯಸ್ಸಿನ ಬೊಕ್ಕತಲೆಯವನೊಬ್ಬ ಹಂಚು ಒಡೆಯುತ್ತಿದ್ದ. "ಕಲಿಯಲು ವಯಸ್ಸಿನ ಹಂಗಿಲ್ಲ" ಎಂದು ಕೆಳಗೆ ಬರೆದಿತ್ತು. ಬಾಲರಾಜುವಿಗೆ ಮೈಯೆಲ್ಲ ಜುಂ ಎಂದಿತು. ಅವನಿಗೆ ಹೊಡೆದಾಟವೇನೂ ಬೇಕಿರಲಿಲ್ಲ. "ಏಳಿ, ಅದು ನನ್ನ ಸೀಟು" ಎಂದು ದನಿ ನಡುಗದೆ ಹೇಳಿ, ಕಿಟಕಿ ಪಕ್ಕ ಕೂತು, ರಾಮನಗರದ ಬೆಟ್ಟಗಳನ್ನು ನೋಡುತ್ತ ಹೋಗಬೇಕು. ಅಷ್ಟೇ ಆಸೆ.

ಭಾನುವಾರ ಬೆಳಿಗ್ಗೆ ಬಚ್ಚಲುಮನೆಯಿಂದ "ಹಾ! ಹೂ!" ಎಂಬ ಸದ್ದು ಕೇಳಿ ಹೆಂಡತಿ ಪುಟ್ಟಿ ಗಾಬರಿಯಿಂದ ಬಾಗಿಲು ಬಡಿದಳು. "ಏನ್ರೀ, ನೀರು ಸುಡ್ತಾ?"

ಪಕ್ಕದ ಮನೆಯ ಮುನಿಯಮ್ಮ ಕಾಂಪೌಂಡಿನ ಮೇಲೆ ಆಗಲೇ ತಲೆ ಇಟ್ಟಾಗಿತ್ತು. ಆ ಬೀದಿಯಲ್ಲಿ ಯಾವ ಮನೆಯ ಕುಕ್ಕರು ಎಷ್ಟು ಕೂಗಿತೆಂಬುದೂ ಆಕೆಗೆ ಗೊತ್ತು. "ಏನ್ಲಾ ಬಾಲರಾಜು, ಅಂಗ್ ಕಿರುಚ್ಕತೀಯ?"

"ಕರಾಟೆ ಕಲಿಯೋಕೆ ಹೊಂಟಿದೀನಿ ಕಣಮ್ಮ!"

"ಯಾರ್ಗೆ ಹೊಡೀಬೇಕ್ಲಾ?"

"ಯಾರ್ಗೂ ಇಲ್ಲ. ಸುಮ್ನೆ ಕಲಿಯೋದು."

"ಸುಮ್ಸುಮ್ನೆ ಯಾರ್ಲಾ ಕಲೀತಾರೆ? ನಿಜ ಯೋಳು. ನಿನ್ ಬಾಮೈದಂಗೆ ತಾನೆ?"

ಪುಟ್ಟಿ ಒಳಗಿನಿಂದ "ನನ್ ತಮ್ಮ ಏನ್ ಮಾಡ್ದ?" ಎಂದು ಸೌಟು ಹಿಡಿದೇ ಹೊರಗೆ ಬಂದಳು. ಇಬ್ಬರನ್ನೂ ಸಮಾಧಾನ ಮಾಡಲು ಬಾಲರಾಜು ಕರಾಟೆಯ ಪಾಠವನ್ನೇ ಮಾಡಬೇಕಾಯಿತು. "ನೋಡಿ, ಮೊದ್ಲು ಬಿಳಿ ಬೆಲ್ಟು ಕೊಡ್ತಾರೆ. ಆಮೇಲೆ ಹಳದಿ, ಹಸಿರು, ಹಿಂಗೇ ಮೇಲಕ್ಕೆ ಹೋಗ್ತಾ ಕೊನೇಗೆ ಬ್ಲ್ಯಾಕ್ ಬೆಲ್ಟು. ಅದು ಬಂತು ಅಂದ್ರೆ ಮುಗೀತು, ಯಾರೂ ಎದುರಿಗೆ ನಿಲ್ಲಲ್ಲ!"

"ಬ್ಲ್ಯಾಕ್ ಬೆಲ್ಟು," ಎಂದು ಮುನಿಯಮ್ಮ ಬಾಯಿಪಾಠ ಮಾಡಿಕೊಂಡಳು.

ಮೊಬೈಲಿನಲ್ಲಿ ಹುಡುಕಿದಾಗ ಹತ್ತಿರದ ಕರಾಟೆ ಕ್ಲಾಸು ರಾಮನಗರದಲ್ಲಿ ಸಿಕ್ಕಿತು. ಬಾಲರಾಜು ಹೊಸ ಮದುವಣಿಗನ ಹುರುಪಿನಲ್ಲಿ ಬಸ್ಸು ಹತ್ತಿದ. ಹೋಗಿ ನೋಡಿದರೆ ಬಿಳಿ ಬಟ್ಟೆ ತೊಟ್ಟ ಮಕ್ಕಳು, ಅವನ ಸೊಂಟದೆತ್ತರಕ್ಕೂ ಬಾರದವು, ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿದ್ದವು. ಮಾಸ್ಟರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ.

"ಬನ್ನಿ ಅಂಕಲ್, ನಿಮ್ ಮಗು ಯಾವ್ದು?"

"ಮಗು ನಾನೇ," ಎಂದ ಬಾಲರಾಜು.

ಮಾಸ್ಟರು ಅವನ ಹೊಟ್ಟೆಯನ್ನೊಮ್ಮೆ ನೋಡಿ ತಲೆ ಕೆರೆದುಕೊಂಡ. "ದೊಡ್ಡೋರ ಬ್ಯಾಚ್ ಇಲ್ಲ ಅಂಕಲ್. ಒಂದ್ಸಲ ಶುರು ಮಾಡಿದ್ದೆ. ಮೊದಲ್ನೇ ದಿನಾನೇ ಎಲ್ಲಾರ್ಗೂ ಸೊಂಟ ಹಿಡ್ಕಂತು. ಎರಡ್ನೇ ದಿನ ನಾನೊಬ್ನೇ. ನಿಮ್ಮೂರಲ್ಲೇ ಬ್ಲ್ಯಾಕ್ ಬೆಲ್ಟ್ ಇರೋರು ಯಾರಾದ್ರೂ ಇರ್ತಾರೆ, ಒಸಿ ವಿಚಾರ್ಸಿ."

ಅಷ್ಟು ಹೇಳಿದ್ದೇ ಸಾಕಾಯಿತು. ಊರಲ್ಲೇ ಗುರು ಇರಬಹುದೆಂದರೆ ಯಾರಿಗೆ ಖುಷಿಯಾಗುವುದಿಲ್ಲ? ಚನ್ನಪಟ್ಟಣದಲ್ಲಿ ಇಳಿದವನೇ ಟೀ ಅಂಗಡಿಯ ಮುಂದೆ ನಿಂತಿದ್ದ ಗೊಂಬೆ ಕೆಲಸದ ಮೆಹಬೂಬನನ್ನು ಹಿಡಿದ. ಮೆಹಬೂಬನ ಅಂಗಿಯ ಮೇಲೆ ಯಾವಾಗಲೂ ಅರಗಿನ ಬಣ್ಣ. ಲೇತಿನಲ್ಲಿ ಅವನು ಕಡೆದ ಬುಗುರಿಗಳಿಗೆ ಬೆಂಗಳೂರಿನವರೆಗೂ ಗಿರಾಕಿ.

"ಮೆಹಬೂಬ್, ನಮ್ಮೂರಲ್ಲಿ ಬ್ಲ್ಯಾಕ್ ಬೆಲ್ಟ್ ಯಾರತ್ರ ಐತೆ?"

"ಖಾಸಿಂ ಭಾಯ್ ಹತ್ರ," ಎಂದ ಮೆಹಬೂಬ್, ಯೋಚಿಸದೆ. "ಬ್ಲ್ಯಾಕ್ ಬೆಲ್ಟ್ ಅಂದ್ರೆ ಖಾಸಿಂ ಭಾಯ್, ಖಾಸಿಂ ಭಾಯ್ ಅಂದ್ರೆ ಬ್ಲ್ಯಾಕ್ ಬೆಲ್ಟ್. ಇಡೀ ತಾಲೂಕು ಅವ್ರ ಹತ್ರಾನೇ ಬರ್ತದೆ."

"ತಾಲೂಕಿಗೆ ತಾಲೂಕೇ? ನಂಗೆ ಗೊತ್ತೇ ಇರ್ಲಿಲ್ವಲ್ಲೋ!"

"ಇವತ್ತು ಭಾನುವಾರ, ಅಂಗಡಿ ಬಂದ್. ಮನೇಗೇ ಹೋಗಿ."

ಕರಾಟೆ ಮಾಸ್ಟರಿಗೆ ಹೊಟ್ಟೆಪಾಡಿಗೆ ಅಂಗಡಿ ಇರುವುದರಲ್ಲಿ ವಿಶೇಷವೇನಿದೆ? ಬಾಲರಾಜು ಓಡುನಡಿಗೆಯಲ್ಲೇ ಹೋದ. ಖಾಸಿಂ ಭಾಯಿ ಮನೆಯ ಜಗುಲಿಯ ಮೇಲೆ ಪೇಪರು ಓದುತ್ತಿದ್ದರು. ಬಿಳಿಗಡ್ಡ, ಕಡ್ಡಿಯಂಥ ಮೈ. ನಿಜವಾದ ಗುರುಗಳು ನೋಡಲು ಹೀಗೇ ಇರುತ್ತಾರೆಂದು ಬಾಲರಾಜುವಿಗೆ ವಿಡಿಯೋ ನೋಡಿ ತಿಳಿದಿತ್ತು. ಕೈಮುಗಿದ.

"ಭಾಯ್, ಬ್ಲ್ಯಾಕ್ ಬೆಲ್ಟ್ ಅಂದ್ರೆ ನೀವೇ ಅಂತ ಮೆಹಬೂಬ್ ಹೇಳ್ದ."

"ಇನ್ಯಾರು?" ಖಾಸಿಂ ಭಾಯಿ ಕನ್ನಡಕ ತೆಗೆದರು. "ನಮ್ ಅಬ್ಬಾ ಕಾಲದಿಂದ್ಲೂ ಇದೇ ಕೆಲ್ಸ. ಬೇರೆಯವ್ರದ್ದೆಲ್ಲ ಆರು ತಿಂಗ್ಳಿಗೆ ಕಿತ್ಕೊಂಡು ಹೋಗ್ತದೆ. ನಮ್ದು ಗ್ಯಾರಂಟಿ."

ಬಾಲರಾಜುವಿನ ಎದೆ ಹಿಗ್ಗಿತು. "ನಾನು ಪೂರ್ತಿ ಹೊಸಬ. ಏನೂ ಗೊತ್ತಿಲ್ಲ."

"ಹೊಸದ್ರಲ್ಲಿ ಒಸಿ ಬಿಗಿ ಇರ್ತದೆ, ಗಾಬ್ರಿ ಆಗ್ಬೇಡಿ. ನಾಲ್ಕು ದಿನ ಓಡಿದ್ರೆ ತಾನೇ ಸಡ್ಲ ಆಗ್ತದೆ."

"ದಿನಾ ಓಡ್ಬೇಕಾ ಭಾಯ್?"

"ಓಡ್ಲೇಬೇಕು, ಇಲ್ದಿದ್ರೆ ಯಾತಕ್ಕೆ? ಬಿಸಿ ಆದ್ರೆ ಒಸಿ ಬಿಡುವು ಕೊಡಿ. ಸುಟ್ಟ ವಾಸ್ನೆ ಬಂದ್ರೆ ಮಾತ್ರ ತಕ್ಷಣ ನಿಲ್ಲಿಸ್ಬಿಡಿ."

ಕರಾಟೆ ಇಷ್ಟು ಕಠಿಣವಾಗಿರುತ್ತದೆಂದು ಬಾಲರಾಜು ಎಣಿಸಿರಲಿಲ್ಲ. ಆದರೂ ಹಿಂದೆ ಸರಿಯಲಿಲ್ಲ. "ಆಗ್ಲಿ. ಸುಟ್ರೂ ಪರವಾಗಿಲ್ಲ!"

"ಸೈಜು ಎಷ್ಟು?"

"ಸೊಂಟ ಮೂವತ್ತೆಂಟು."

ಖಾಸಿಂ ಭಾಯಿ ಇವನನ್ನು ಒಂದು ಕ್ಷಣ ವಿಚಿತ್ರವಾಗಿ ನೋಡಿ, ಮೂವತ್ತೆಂಟು ಮೂವತ್ತೆಂಟು ಎಂದು ಗೊಣಗುತ್ತ ಒಳಗೆ ಹೋದರು. ಮೊದಲ ದಿನವೇ ಬ್ಲ್ಯಾಕ್ ಬೆಲ್ಟ್ ಕೊಡುವ ಗುರು ಸಿಕ್ಕಿದನಲ್ಲ ಎಂದು ಬಾಲರಾಜುವಿಗೆ ಕಣ್ಣು ತುಂಬಿಬಂತು. ಅವರು ಹೊರಗೆ ಬಂದಾಗ ಕೈಯಲ್ಲಿದ್ದದ್ದು ದುಂಡಗಿನ, ದಪ್ಪನೆಯ, ಕರೀ ರಬ್ಬರಿನ ಮೆಷೀನು ಬೆಲ್ಟು.

"ಹಾಕೋದು ಯಾವ್ದಕ್ಕೆ? ಗೊಂಬೆ ಲೇತ್‌ಗಾ, ಹಿಟ್ಟಿನ ಗಿರಣಿಗಾ?"

ಬಾಲರಾಜು ಬೆಲ್ಟನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿದ. ಇಷ್ಟು ಹಿರಿಯರನ್ನು ಭಾನುವಾರ ಎಬ್ಬಿಸಿ ಒಳಗೆ ಕಳಿಸಿ, ಈಗ ಕರಾಟೆ ಎಂದರೆ ಏನು ತಿಳಿದುಕೊಂಡಾರು? "ಗಿರಣಿಗೆ," ಎಂದುಬಿಟ್ಟ. ಕೊಟ್ಟಷ್ಟು ಕೊಟ್ಟು, ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು, ತಲೆ ತಗ್ಗಿಸಿ ಮನೆ ದಾರಿ ಹಿಡಿದ. ಬೆಳಗಿನ ಹುರುಪೆಲ್ಲ ಟಯರಿನ ಗಾಳಿಯಂತೆ ಇಳಿದಿತ್ತು.

ಬೀದಿ ತುದಿಯಲ್ಲೇ ಮುನಿಯಮ್ಮ. "ಏನ್ಲಾ ಅದು ಹೆಗಲ್ ಮ್ಯಾಲೆ?"

"ಬ್ಲ್ಯಾಕ್ ಬೆಲ್ಟು," ಎಂದ ಬಾಲರಾಜು ಬೇಸರದಲ್ಲಿ, ನಿಲ್ಲದೆ.

ಮುನಿಯಮ್ಮ ಎದೆ ಮೇಲೆ ಕೈ ಇಟ್ಟುಕೊಂಡಳು.

ಮಧ್ಯಾಹ್ನ ಉಂಡು ಮಲಗಿದ್ದವನನ್ನು ಪುಟ್ಟಿ ಅಲುಗಿಸಿ ಎಬ್ಬಿಸಿದಳು. "ರೀ, ಏಳ್ರೀ! ಬೀದಿ ಗ್ರೂಪಲ್ಲಿ ಏನ್ ಬಂದೈತೆ ನೋಡಿ!" ಬಾಲರಾಜು ಕಣ್ಣುಜ್ಜಿಕೊಂಡು ಓದಿದ. ಇಂದು ಸಂಜೆ ಸಮುದಾಯ ಭವನದಲ್ಲಿ ದೊಡ್ಡವರಿಗಾಗಿ ಕರಾಟೆ ಕ್ಲಾಸ್ ಶುರು. ಏನೂ ಗೊತ್ತಿಲ್ಲದವರೂ ಬರಬಹುದು. ಬ್ಲ್ಯಾಕ್ ಬೆಲ್ಟ್ ಮಾಸ್ಟರ್ ಕಲಿಸುತ್ತಾರೆ.

ಮಂಚದಿಂದ ನೆಗೆದ ರಭಸಕ್ಕೆ ದಿಂಬು ಬಾಗಿಲಿನವರೆಗೂ ಹೋಯಿತು. ಇಡೀ ಜಿಲ್ಲೆ ಸುತ್ತಿದರೂ ಸಿಗದ ಭಾಗ್ಯ ಮನೆಬಾಗಿಲಿಗೇ ಬಂದಿತ್ತು! ಬಿಳಿ ಪೈಜಾಮ, ಬಿಳಿ ಬನಿಯನ್ನು ತೊಟ್ಟು, ಯಾವುದಕ್ಕೂ ಇರಲೆಂದು ಮಂಡಿಗೆ ಎಣ್ಣೆ ಹಚ್ಚಿಕೊಂಡು, ಭವನಕ್ಕೆ ಓಡಿದ. ಒಳಗೆ ಜನವೋ ಜನ. ರೇಷ್ಮೆಗೂಡಿನ ನೂಲು ಬಿಚ್ಚುವ ಕೆಲಸದ ಖುರ್ಷಿದಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ನಿಂತಿದ್ದಳು. ಮೆಹಬೂಬ್ ಬಂದಿದ್ದ. ಬಾಲರಾಜು ಯಾರಿಗೂ ತೊಂದರೆ ಬೇಡವೆಂದು ಹಿಂದಿನ ಜಮಖಾನದ ಮೇಲೆ ಜಾಗ ಮಾಡಿಕೊಂಡು ಕೂತ.

"ಮಾಸ್ಟ್ರು ಇನ್ನೂ ಬರ್ಲಿಲ್ವಾ?" ಎಂದು ಪಕ್ಕದಲ್ಲಿದ್ದ ಖುರ್ಷಿದಾಳನ್ನು ಕೇಳಿದ.

ಖುರ್ಷಿದಾ ನಕ್ಕಳು. "ಏನಣ್ಣಾ ತಮಾಷೆ ಮಾಡ್ತೀರಾ!"

ಅಷ್ಟರಲ್ಲಿ ಮುನಿಯಮ್ಮ ಜನರನ್ನು ಸೀಳಿಕೊಂಡು ಬಂದಳು. ಅವಳ ಕೈಯಲ್ಲಿ ಪುಟ್ಟಿಯಿಂದ ಇಸಿದುಕೊಂಡು ತಂದ ಗಿರಣಿ ಬೆಲ್ಟಿತ್ತು. ಅದನ್ನು ಹಾರದಂತೆ ಬಾಲರಾಜುವಿನ ಕೊರಳಿಗೆ ಹಾಕಿ, ತೋಳು ಹಿಡಿದು ಮುಂದಕ್ಕೆ ಎಳೆದುಕೊಂಡು ಹೋದಳು. "ನೀನೇ ಕಣ್ಲಾ ಮಾಸ್ಟ್ರು! ಹಿಂದ್ಗಡೆ ಕುಂತಿದೀಯಲ್ಲ! ನೋಡ್ರಪ್ಪಾ, ಬೆಳಗ್ಗೆ ಹೋದ, ಮಧ್ಯಾಹ್ನಕ್ಕೆ ಬ್ಲ್ಯಾಕ್ ಬೆಲ್ಟ್ ತಕಂಡ್ ಬಂದ್ಬುಟ್ಟ!"

ಚಪ್ಪಾಳೆ. ಮೆಹಬೂಬ್ ಕತ್ತು ಮುಂದೆ ಚಾಚಿ ಬೆಲ್ಟನ್ನು ದಿಟ್ಟಿಸಿದ. "ಅದು ಸೈಜು ಬಿ ಮೂವತ್ತೆಂಟಿದ್ದಂಗೈತಲ್ಲ," ಎಂದ.

"ಅದೇ ದೊಡ್ಡ ನಂಬರು ಕಣ್ಲಾ, ಸುಮ್ಕಿರು," ಎಂದಳು ಮುನಿಯಮ್ಮ.

ಬಾಲರಾಜು ನಿಜ ಹೇಳಿಬಿಡಲು ಬಾಯಿ ತೆರೆದ. ದೇವರಾಣೆಗೂ ತೆರೆದ. ಆಗಲೇ ಬಾಗಿಲಲ್ಲಿ ಬೆಳಕು ಮರೆಯಾಯಿತು. ದಪ್ಪ ಮೀಸೆ, ಹೆಗಲ ಮೇಲೆ ಕೆಂಪು ಟವೆಲು. ರೈಲಿನ ಆಸಾಮಿ!

ಆಸಾಮಿ ಚಪ್ಪಲಿ ಬಿಟ್ಟು, ಮೈ ಬಗ್ಗಿಸಿ ಒಳಗೆ ಬಂದು, ಬಾಲರಾಜುವಿನ ಮುಂದೆ ಕೈಮುಗಿದು ನಿಂತ. "ನಾನು ಬೋರಲಿಂಗಯ್ಯ, ಮಾಸ್ಟ್ರೇ. ಪಕ್ಕದ ಬೀದಿಗೆ ಹೊಸ್ದಾಗಿ ಬಂದಿದೀನಿ. ಬೆಂಗ್ಳೂರಲ್ಲಿ ಸೆಕ್ಯುರಿಟಿ ಕೆಲ್ಸ. ಈ ಮೀಸೆ ನೋಡೇ ಕೆಲ್ಸ ಕೊಟ್ಬುಟ್ರು. ಒಳಗೆ ಏನೂ ಇಲ್ಲ. ಒಂದು ನಾಯಿ ಬೊಗುಳುದ್ರೆ ಕೈಕಾಲು ನಡುಗ್ತವೆ. ಒಸಿ ಧೈರ್ಯ ಬರೋ ಹಂಗೆ ಯೋಳ್ಕೊಡಿ." ಆಮೇಲೆ ಮುಖವನ್ನು ಹತ್ತಿರದಿಂದ ನೋಡಿ ಬೆಚ್ಚಿಬಿದ್ದ. "ಅಯ್ಯೋ! ರೈಲಲ್ಲಿ... ಆ ಕರ್ಚೀಫು... ನೀವೇ ಅಲ್ವಾ?"

ಬಾಲರಾಜುವಿನ ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ನಾಯಿಗೆ ನಡುಗುವ ಈ ಮನುಷ್ಯನಿಗೆ ಹೆದರಿ ತಾನು ಇಷ್ಟು ದಿನ ನಿಂತು ಹೋದೆನೇ! ನಾಳೆ ಕಿಟಕಿ ಸೀಟು ತನ್ನದು. ಈ ಮಧುರವಾದ ಗಳಿಗೆಯಲ್ಲಿ ನಿಜ ಹೇಳುವಷ್ಟು ಸತ್ಯವಂತ ಅವನಾಗಿರಲಿಲ್ಲ. ಎದೆ ಸೆಟೆಸಿ, "ಹೌದು, ನಾನೇ," ಎಂದ.

ಇನ್ನು ಏನಾದರೂ ಕಲಿಸಲೇಬೇಕಲ್ಲ. ಬಾಲರಾಜುವಿಗೆ ಬರುತ್ತಿದ್ದ ವಿದ್ಯೆ ಒಂದೇ, ತೂಗಾಡುವ ರೈಲಿನಲ್ಲಿ ಬೀಳದೆ ನಿಲ್ಲುವುದು. ಅದನ್ನೇ ಕಲಿಸಿದ. ಕಾಲು ಅಗಲಿಸಿ, ಮಂಡಿ ಒಸಿ ಬಗ್ಗಿಸಿ, ಭಾರವನ್ನು ಹಿಮ್ಮಡಿಗೆ ಬಿಟ್ಟು ನಿಲ್ಲಿ ಎಂದ. ಇಡೀ ಸಭೆ ನಿಂತಿತು. ಬೋರಲಿಂಗಯ್ಯ ಬಂದು ಭುಜಕ್ಕೆ ತಳ್ಳಿದರೂ ಬಾಲರಾಜು ಅಲುಗಲಿಲ್ಲ. ಖುರ್ಷಿದಾ "ವಾಹ್!" ಎಂದಳು. ಬಾಲರಾಜುವಿಗೆ ಹುಟ್ಟಿದಂದಿನಿಂದ ಅಷ್ಟು ಸಂತೋಷವಾಗಿರಲಿಲ್ಲ.

"ಮಾಸ್ಟ್ರೇ," ಎಂದು ಬೋರಲಿಂಗಯ್ಯ ಎಲ್ಲರ ಮುಂದೆ ಕೇಳಿದ, "ಇಷ್ಟು ಬಲ ಇದ್ದೂ ನೀವು ದಿನಾ ನಂಗೆ ಸೀಟು ಬುಟ್ಟು ನಿಂತ್ಕಂಡು ಬತ್ತಿದ್ರಲ್ಲ, ಯಾಕೆ?"

ಎಲ್ಲರೂ ಬಾಲರಾಜುವಿನ ಮುಖವನ್ನೇ ನೋಡಿದರು. ಹೆದರಿಕೊಂಡಿದ್ದೆ ಎನ್ನುವುದಕ್ಕಾಗುತ್ತದೆಯೇ? ಅವನ ಬಾಯಿಂದ ತಾನಾಗಿಯೇ ಮಾತು ಹೊರಟಿತು. "ಅದು ಸಾಧನೆ. ಬ್ಲ್ಯಾಕ್ ಬೆಲ್ಟ್ ಬಂದೋರು ರೈಲಲ್ಲಿ ಕೂರಲ್ಲ. ಇನ್ಮೇಲೆ ಕಂಬೀನೂ ಮುಟ್ಟಲ್ಲ."

"ಹಂಗಾದ್ರೆ ಕರ್ಚೀಫು?"

"ನಿನ್ನ ಪರೀಕ್ಷೆ ಮಾಡ್ತಿದ್ದೆ."

ಬೋರಲಿಂಗಯ್ಯ ಕೆನ್ನೆ ಕೆನ್ನೆ ಬಡಿದುಕೊಂಡ. ಚಪ್ಪಾಳೆ ಮತ್ತೆ ಮೊಳಗಿತು.

ಸೋಮವಾರ ಬೆಳಿಗ್ಗೆ ಬಾಲರಾಜು ಸ್ಟೇಷನ್ನಿಗೆ ಸಿಳ್ಳೆ ಹಾಕುತ್ತ ಬಂದ. ಕರ್ಚೀಫನ್ನು ಜೇಬಿನಿಂದ ತೆಗೆಯಲೂ ಇಲ್ಲ. ಬೋಗಿ ಹತ್ತಿದೊಡನೆ ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ಬೆಂಗಳೂರಿಗೆ ಗೊಂಬೆ ಒಯ್ಯುತ್ತಿದ್ದ ಮೆಹಬೂಬ್ ಮೂಟೆಯನ್ನು ಪಕ್ಕಕ್ಕೆ ಎಳೆದುಕೊಂಡ. ಕಿಟಕಿ ಪಕ್ಕ ಕೂತಿದ್ದ ಬೋರಲಿಂಗಯ್ಯ ದಡಬಡನೆ ಎದ್ದು ನಿಂತು, ಕೆಂಪು ಟವೆಲಿನಿಂದ ಸೀಟಿನ ಧೂಳು ಕೊಡವಿದ.

"ಬನ್ನಿ ಮಾಸ್ಟ್ರೇ, ಬನ್ನಿ!"

ಬಾಲರಾಜುವಿನ ಹೃದಯ ಕುಣಿಯಿತು. ಪ್ಯಾಂಟು ಒಸಿ ಮೇಲಕ್ಕೆಳೆದುಕೊಂಡು ಕೂರಲು ಬಗ್ಗಿದ. ಸೀಟು ಇನ್ನೇನು ಒಂದು ಗೇಣು ದೂರವಿತ್ತು.

"ಅಯ್ಯೋ, ನನ್ ಬುದ್ಧಿಗಿಷ್ಟು!" ಬೋರಲಿಂಗಯ್ಯ ಹಣೆ ಚಚ್ಚಿಕೊಂಡ. "ನೀವು ಕೂರಲ್ಲ ಅಲ್ವಾ? ಮರ್ತೇಬುಟ್ಟಿದ್ದೆ. ನಂಗಿನ್ನೂ ಬಿಳಿ ಬೆಲ್ಟೂ ಬಂದಿಲ್ಲ, ನಾನು ಕೂತ್ಕಬೋದು." ಎಂದವನೇ ಟವೆಲ್ ಹಾಸಿ ಕೂತ.

ರೈಲು ಜಗ್ಗಿ ಹೊರಟಿತು. ಬಾಲರಾಜುವಿನ ಕೈ ಅಭ್ಯಾಸಬಲದಿಂದ ಕಂಬಿಯತ್ತ ಹೋಯಿತು.

"ನೋಡ್ರೀ, ನೋಡ್ರೀ!" ಎಂದು ಮೆಹಬೂಬ್ ಬೋಗಿಗೆಲ್ಲ ಕೇಳುವಂತೆ ಕೂಗಿದ. "ನಮ್ ಮಾಸ್ಟ್ರು ಬಿಡದಿವರ್ಗೂ ಕಂಬಿ ಮುಟ್ಟಲ್ಲ!"

ಬೋಗಿಗೆ ಬೋಗಿಯೇ ತಿರುಗಿ ನೋಡಿತು. ಬಾಲರಾಜು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಕಾಲು ಅಗಲಿಸಿ, ಮಂಡಿ ಬಗ್ಗಿಸಿ ನಿಂತ. ಶನಿವಾರದವರೆಗೆ ಹಿಡಿದುಕೊಳ್ಳಲು ಕಂಬಿಯಾದರೂ ಇತ್ತು.