ಚಕ್ಕುಬಂದಿ ಭಾವನ ನಾಲ್ಕು ಸಾವಿರ ಫೋಟೋ

ಒಂಬೈನೂರು ರೂಪಾಯಿ ನಗದು, ಅರ್ಧ ಮೂಟೆ ಆಲೂಗಡ್ಡೆ. ನಮ್ಮ ಭಾವನ ಫೋಟೋಗಳ ಹೆಸರು ಕತ್ತರಿಸಲು ನನಗೆ ತಗುಲಿದ ಖರ್ಚು ಇಷ್ಟು. ಕೇಳಿದ್ದು ಸಾವಿರದ ಐನೂರು, ಇಳಿಸಿದ್ದು ನಾನು. ಆಲೂಗಡ್ಡೆ ನಮ್ಮ ಹೊಲದ್ದೇ, ಆದ್ದರಿಂದ ಅದನ್ನು ಖರ್ಚು ಎಂದು ನಾನು ಒಪ್ಪುವುದಿಲ್ಲ. ಹೆಸರು ಕತ್ತರಿಸಲು ಇಷ್ಟು ದುಡ್ಡೇ ಎಂದು ನೀವು ಕೇಳಬಹುದು. ನಮ್ಮ ಭಾವನನ್ನು ನೀವು ನೋಡಿಲ್ಲ, ಅದಕ್ಕೇ ಕೇಳುತ್ತೀರಿ! ಇಡೀ ಹಾಸನ ಜಿಲ್ಲೆಯಲ್ಲಿ ಫೋಟೋಗಳಿಗೆ ನಾಲ್ಕೂ ದಿಕ್ಕಿನಿಂದ ಬೇಲಿ ಹಾಕಿದ ಏಕೈಕ ಮಹಾನುಭಾವರು ಅವರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೊಳೆನರಸೀಪುರದಲ್ಲಿ ಪತ್ರ ಬರಹಗಾರರು. ಜಮೀನು, ಮನೆ ಮಾರುವವರಿಗೂ ಕೊಳ್ಳುವವರಿಗೂ ಕ್ರಯಪತ್ರ ಬರೆದುಕೊಡುವ ಕೆಲಸ. ಕ್ರಯಪತ್ರದಲ್ಲಿ ಚಕ್ಕುಬಂದಿ ಅಂತ ಒಂದು ಇರುತ್ತದಲ್ಲ: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಕಾಲುವೆ, ದಕ್ಷಿಣಕ್ಕೆ ಇನ್ನಾರದೋ ತೋಟ, ಇದರ ಮಧ್ಯೆ ಇರುವುದೇ ಸದರಿ ಸ್ವತ್ತು. ಅದನ್ನು ಮೂವತ್ತು ವರ್ಷ ಬರೆದೂ ಬರೆದೂ ಅವರಿಗೆ ಪ್ರಪಂಚವೇ ಹಾಗೆ ಕಾಣತೊಡಗಿದೆ. ಅರಕಲಗೂಡಿನಲ್ಲಿ ಒಂದು ಮದುವೆಯ ಊಟ. ಬಡಿಸುವವನನ್ನು ಕೂಗಿ, "ನೋಡಪ್ಪಾ, ಪೂರ್ವಕ್ಕೆ ಪಲ್ಯ, ಪಶ್ಚಿಮಕ್ಕೆ ಕೋಸಂಬರಿ, ಉತ್ತರಕ್ಕೆ ಉಪ್ಪು ಬಂದದೆ. ದಕ್ಷಿಣದ ಗಡಿ ಖಾಲಿ ಬಿದ್ದದೆ. ಪಾಯಸ ಎಲ್ಲಿ?" ಎಂದರು. ಅವನು ಗಾಬರಿಯಲ್ಲಿ ಎರಡು ಸೌಟು ಸುರಿದ. ಪಾಯಸ ಹರಿದು ಪಕ್ಕದ ನನ್ನ ಎಲೆಗೆ ಬಂತು. "ಒತ್ತುವರಿ ಆಗದೆ ಕಣ್ಲಾ!" ಎಂದು ಭಾವ ನನ್ನ ಎಲೆಯಿಂದಲೇ ಬಳಿದುಕೊಂಡರು. ತೆರವು ಕಾರ್ಯಾಚರಣೆಯಲ್ಲಿ ನನ್ನ ಹೋಳಿಗೆಯೂ ಹೋಯಿತು!

ನನ್ನದು ಚನ್ನರಾಯಪಟ್ಟಣದಲ್ಲಿ ಹಳೇ ಕಂಪ್ಯೂಟರ್ ಮಾರುವ ಅಂಗಡಿ. ಬರಿಗೈಯಲ್ಲಿ ಬಂದು ಕಟ್ಟಿದ್ದು. ಭಾವನಿಗೂ ಒಂದು ಕಂಪ್ಯೂಟರ್ ಮಾರಿದ್ದೆ. ಸಂಬಂಧ ಬೇರೆ, ವ್ಯಾಪಾರ ಬೇರೆ. ಅವರು ಅದರಲ್ಲಿ ಲೆಕ್ಕ ಬರೆದರೇ, ಪತ್ರ ಬರೆದರೇ? ಇಲ್ಲ! ಮನೆಯ ಹಳೇ ಆಲ್ಬಂಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ, ಮೊಬೈಲಿನವನ್ನೂ ಸೇರಿಸಿ, ನಾಲ್ಕು ಸಾವಿರ ಫೋಟೋ ತುಂಬಿದರು. ಒಂದೊಂದಕ್ಕೂ ಹೆಸರು. ಎಂಥ ಹೆಸರು ಅಂತೀರಿ? ಶೆಟ್ಟಿಹಳ್ಳಿಯ ಹಾಳು ಚರ್ಚಿಗೆ ನಾವೆಲ್ಲ ಹೋಗಿದ್ದಾಗಿನ ಒಂದು ಫೋಟೋದ ಹೆಸರು ಹೀಗಿತ್ತು:

"ಹಾಸನ ಜಿಲ್ಲೆ ಹೊಳೆನರಸೀಪುರ ಟೌನ್ ವಾಸಿ ನಾನು ಖುದ್ದಾಗಿ ತೆಗೆದದ್ದು ಏನೆಂದರೆ ಪೂರ್ವಕ್ಕೆ ಹೇಮಾವತಿ ಹಿನ್ನೀರು ಪಶ್ಚಿಮಕ್ಕೆ ಕಡಲೆಕಾಯಿಯವನ ಸೈಕಲ್ಲು ಉತ್ತರಕ್ಕೆ ನನ್ನ ಭಾಮೈದ ದಕ್ಷಿಣಕ್ಕೆ ಮುಖ ಊದಿಸಿಕೊಂಡ ಅವನ ಹೆಂಡತಿ ನಡುವೆ ನಗುತ್ತಿರುವವಳು ನನ್ನ ಹೆಂಡತಿ ಇದರ ಮಧ್ಯೆ ಇರುವುದೇ ಸದರಿ ಫೋಟೋ."

ಇದು ಹೆಸರೋ, ಹರಿಕಥೆಯೋ?

ಹೋದ ವರ್ಷ ಆ ಕಂಪ್ಯೂಟರಿನ ಡಿಸ್ಕು ಕಟಕಟ ಎನ್ನತೊಡಗಿತು. ಕಿವಿಗೊಟ್ಟು ಕೇಳಿದೆ. ಹೆಚ್ಚೆಂದರೆ ಒಂದು ವಾರದ ಆಯಸ್ಸು, ಅಷ್ಟರಲ್ಲಿ ಹೊಸ ಡಿಸ್ಕಿಗೆ ಸಾಗಿಸದಿದ್ದರೆ ನಾಲ್ಕು ಸಾವಿರವೂ ಗೋವಿಂದ. ಸಾಗಿಸಲು ಕೂತರೆ, ಹೆಸರು ಅತಿಯಾಗಿ ಉದ್ದವಾಗಿದೆ ಎಂದು ಕಂಪ್ಯೂಟರೇ ಮುಷ್ಕರ ಹೂಡಿತು. ಅದನ್ನು ನಾನು ತಪ್ಪೆನ್ನಲಾರೆ.

"ಭಾವ, ಹೆಸ್ರು ಚಿಕ್ಕದ್ ಮಾಡ್ಲೇಬೇಕು," ಎಂದೆ.

"ಆಗಕಿಲ್ಲ ಕಣ್ಲಾ. ಚಕ್ಕುಬಂದಿ ತೆಗೆದ್ರೆ ಸ್ವತ್ತೇ ಇಲ್ಲ."

"ಫೋಟೋ ಸ್ವತ್ತಲ್ಲ ಭಾವ!"

"ಮತ್ತೆ ಏನ್ಲಾ ಅದು, ಗೋಮಾಳವಾ?"

ಅಕ್ಕ ಒಳಗಿನಿಂದ ನಕ್ಕಳು. ಅವಳಿಗೆ ಸಕ್ಕರೆ ಕಾಯಿಲೆ. ಕಣ್ಣಿನ ಆಪರೇಷನ್ ಆದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡೇ ಇರುತ್ತಾಳೆ. "ಈಗ ಹೆಂಗದೆ ಅಕ್ಕ ಕಣ್ಣು?" ಎಂದರೆ, "ನಿನ್ ಬೋಳುತಲೆ ಪಳಪಳ ಅಂತ ಕಾಣ್ತದೆ ಕಣ್ಲಾ, ಸಾಕಾ?" ಎಂದಳು.

ಡಿಸ್ಕು ಮತ್ತೆ ಕಟಕಟ ಎಂದಿತು. ಭಾವ ಅಕ್ಕನ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಸರಿ, ಮೊದ್ಲು ಫೋಟೋ ಉಳೀಲಿ. ಆದ್ರೆ ಏನಾರಾ ಮಾಡು, ದಿಕ್ಕು ಮಾತ್ರ ಉಳಿಸ್ಕೊಡ್ಲಾ," ಎಂದರು. ಹೂಂ ಎಂದೆ. ಗಿರಾಕಿ ಹೇಳಿದ್ದಕ್ಕೆಲ್ಲ ಹೂಂ ಎನ್ನುವುದು ನನ್ನ ವ್ಯಾಪಾರದ ಮೊದಲ ಪಾಠ.

ಹಾಸನದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಒಬ್ಬ ಮೇಡಂ ಇದ್ದಾರೆ. ಸ್ಕ್ರಿಪ್ಟ್ ಬರೆಯುವುದರಲ್ಲಿ ಪಳಗಿದ ಕೈ. ಸ್ಕ್ರಿಪ್ಟ್ ಎಂದರೆ, ಸಾವಿರ ಸಲ ಮಾಡುವ ಕೆಲಸವನ್ನು ಕಂಪ್ಯೂಟರಿಗೆ ಒಂದೇ ಸಲ ಬರೆದುಕೊಟ್ಟುಬಿಡುವುದು. ಡಿಸ್ಕು ಅವರ ಮುಂದಿಟ್ಟೆ. ಪ್ರತಿ ಹೆಸರಿನ ಮೊದಲ ಇಪ್ಪತ್ತು ಅಕ್ಷರ ಉಳಿಸಿ ಮಿಕ್ಕಿದ್ದು ಕತ್ತರಿಸುವಂತೆ ಬರೆದರು. ಪುಣ್ಯಕ್ಕೆ, ಓಡಿಸುವ ಮೊದಲು ಪರೀಕ್ಷೆ ಮಾಡಿದರು.

"ಸಾರ್, ನಾಲ್ಕು ಸಾವಿರಕ್ಕೂ ಒಂದೇ ಹೆಸರು ಬರ್ತಿದೆ! ಎಲ್ಲಾ 'ಹಾಸನ ಜಿಲ್ಲೆ ಹೊಳೆನರಸೀಪುರ'. ಹಿಂಗೇ ಬಿಟ್ರೆ ಒಂದರ ಮೇಲೊಂದು ಬಿದ್ದು ಕೊನೆಗೆ ಒಂದೇ ಫೋಟೋ ಉಳಿಯುತ್ತೆ."

"ಬಾಲದ ಕಡೆಯಿಂದ ಇಪ್ಪತ್ತು ಉಳಿಸಿ ಮೇಡಂ," ಎಂದು ಸಲಹೆ ಕೊಟ್ಟೆ. ಸಲಹೆ ಕೊಡುವುದಕ್ಕೆ ನಾನು ಯಾವತ್ತೂ ದುಡ್ಡು ಕೇಳಿದವನಲ್ಲ. ನಾಲ್ಕು ಸಾವಿರವೂ 'ಇದರ ಮಧ್ಯೆ ಇರುವುದೇ ಸದರಿ ಫೋಟೋ' ಆಯಿತು! ಮೇಡಂ ಹಣೆ ಹಣೆ ಚಚ್ಚಿಕೊಂಡರು. "ಯಾರು ಸಾರ್ ಈ ಪುಣ್ಯಾತ್ಮರು?"

ಕೊನೆಗೆ ಹಳೇ ಡಿಸ್ಕಿನಲ್ಲೇ ಹೆಸರನ್ನು ಅಳಿಸಿ ನಂಬರು ಕೊಟ್ಟು, ಆಮೇಲೆ ಹೊಸ ಡಿಸ್ಕಿಗೆ ಸಾಗಿಸುವುದೆಂದಾಯಿತು. ಒಂದರಿಂದ ನಾಲ್ಕು ಸಾವಿರದವರೆಗೆ, ಒಂದಕ್ಕಿದ್ದದ್ದು ಇನ್ನೊಂದಕ್ಕಿಲ್ಲ. ದಿಕ್ಕಿನ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಹಳೇ ಹೆಸರು ಯಾವುದು, ಹೊಸ ನಂಬರು ಯಾವುದು ಅಂತ ಒಂದು ಪಟ್ಟಿ ಇಟ್ಟುಕೊಡ್ಲಾ? ಇನ್ನೂರು ಎಕ್ಸ್ಟ್ರಾ ಆಗುತ್ತೆ," ಎಂದರು ಮೇಡಂ. ಆ ಹರಿಕಥೆಯನ್ನು ಯಾರು ಓದುತ್ತಾರೆ? ಬೇಡ ಎಂದೆ. ಇನ್ನೂರು ಉಳಿಸಿದೆನಲ್ಲ ಎಂದು ಶಾಂತಿಗ್ರಾಮ ದಾಟುವವರೆಗೂ ಬಸ್ಸಿನಲ್ಲಿ ಮೀಸೆ ತಿರುವಿಕೊಂಡೇ ಬಂದೆ.

ಮಾರನೆಯ ದಿನ ಹೊಸ ಡಿಸ್ಕು ಜೋಡಿಸಲು ಹೋದಾಗ ಭಾವ ಕೆಲಸಕ್ಕೆ ಹೋಗಿದ್ದರು. ಜೋಡಿಸಿ, ಕೈ ತೊಳೆಯಲು ಹಿತ್ತಲಿಗೆ ಹೋದೆ. ವಾಪಸು ಬರುವಷ್ಟರಲ್ಲಿ ಅಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದಳು. ಬೆರಳಿನಿಂದ ಕೀಲಿಗಳನ್ನು ಸವರಿ ಸವರಿ ಒಂದನ್ನು ಒತ್ತಿದಳು. ಕಂಪ್ಯೂಟರಿನೊಳಗಿಂದ ಒಂದು ಹೆಣ್ಣು ದನಿ, "ಸೊನ್ನೆ ಸೊನ್ನೆ ಸೊನ್ನೆ ಒಂದು," ಎಂದಿತು. ಅಕ್ಕ ಕಾದಳು. ಇನ್ನೊಂದು ಸಲ ಒತ್ತಿದಳು. "ಸೊನ್ನೆ ಸೊನ್ನೆ ಸೊನ್ನೆ ಎರಡು."

"ಇವ್ರೆಲ್ಲ ಎಲ್ಲೋದ್ರು?" ಎಂದು ಅಕ್ಕ ತನ್ನಷ್ಟಕ್ಕೆ ಕೇಳಿದಳು. ತೆರೆಯ ಮೇಲೆ ಅವಳ ಮದುವೆಯ ಫೋಟೋ ಇಷ್ಟಗಲ ತೆರೆದುಕೊಂಡಿತ್ತು.

ಸಂಜೆ ಭಾವ ಬಂದ ಮೇಲೆ ಎಲ್ಲ ತಿಳಿಯಿತು. ಅಕ್ಕನಿಗೆ ಎರಡು ವರ್ಷದಿಂದ ಏನೂ ಕಾಣುತ್ತಿರಲಿಲ್ಲ. ತವರಿನವರಿಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡಿದ್ದಳು. ಹೆಸರನ್ನು ಗಟ್ಟಿಯಾಗಿ ಓದುವ ವ್ಯವಸ್ಥೆಯನ್ನು ಭಾವ ಯಾರಿಂದಲೋ ಹಾಕಿಸಿಕೊಂಡು, ತಾವು ಮನೆಯಲ್ಲಿ ಇಲ್ಲದ ಹೊತ್ತಿಗೆಂದು ನಾಲ್ಕು ಸಾವಿರ ಫೋಟೋಗಳನ್ನೂ ಅವಳಿಗಾಗಿ ಬರೆದಿಟ್ಟಿದ್ದರು. ಆಣೆ ಮುರಿಯಲಾರದೆ ನನ್ನ ಜೊತೆ ಗೋಮಾಳದ ವಾದ ಮಾಡಿದ್ದರು! ನನ್ನನ್ನು ಬೈದರೆ ಚೆನ್ನಾಗಿತ್ತು. "ಹೋಗ್ಲಿ ಬಿಡ್ಲಾ, ಫೋಟೋ ಉಳುದ್ವಲ್ಲ," ಎಂದು ಎದ್ದುಹೋಗಿ ಕಾಲು ತೊಳೆದುಕೊಂಡರು.

ಈಗ ಪ್ರತಿ ಭಾನುವಾರ ಅಂಗಡಿ ಮುಚ್ಚಿ ಹೊಳೆನರಸೀಪುರಕ್ಕೆ ಹೋಗುತ್ತೇನೆ. ಒಂದೊಂದೇ ಫೋಟೋ ತೆರೆದು ಮತ್ತೆ ಹೆಸರು ಬರೆಯುತ್ತೇವೆ, ಈ ಸಲ ತಕ್ಕಮಟ್ಟಿಗೆ ಚಿಕ್ಕದಾಗಿ. ಮೊನ್ನೆ ಒಂದು ಬಂತು.

"ಅಕ್ಕ, ನಮ್ಮೂರ ಅಂಗಳ. ಎಡಕ್ಕೆ ಅಮ್ಮ ಕೂತವ್ಳೆ," ಎಂದೆ.

"ಎಡ ಅಂದ್ರೆ ಯಾರ ಎಡ್ಲಾ? ದಿಕ್ಕು ಹೇಳು. ದಿಕ್ಕು ಹೇಳುದ್ರೆ ನಾನೇ ಅಲ್ಲಿ ಓಗಿ ನಿಂತ್ಕತೀನಿ."

ನಮ್ಮ ಅಂಗಳ ನೆನಪಿಸಿಕೊಂಡು, "ಪಶ್ಚಿಮಕ್ಕೆ ಕಣಕ್ಕ. ಕೊಟ್ಟಿಗೆ ಗೋಡೆಗೆ ಒರಗವ್ಳೆ," ಎಂದೆ.

"ಅಂಗಾದ್ರೆ ಬೆಳಗಿನ ಬಿಸ್ಲು ಮೊಕಕ್ಕೇ ಹೊಡೀತಾ ಅದೆ. ಕೈ ಅಡ್ಡ ಹಿಡ್ಕಂಡವ್ಳಾ ನೋಡು."

ಬಗ್ಗಿ ನೋಡಿದೆ. ಅಮ್ಮ ಹಣೆಗೆ ಕೈ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದಳು. "ಹೂಂ ಕಣಕ್ಕ, ಹಿಡ್ಕಂಡವ್ಳೆ," ಎಂದು ಅದನ್ನೂ ಹೆಸರಿಗೆ ಸೇರಿಸಿದೆ.

ಆದ್ದರಿಂದ ಓದುಗರಿಗೆ ನನ್ನ ಸಲಹೆ, ಯಥಾಪ್ರಕಾರ ಬಿಟ್ಟಿ. ಫೈಲಿನ ಹೆಸರು ಕತ್ತರಿಸುವ ಮುಂಚೆ ಮೂಲದ ಒಂದು ನಕಲು ತೆಗೆದಿಡಿ. ಆ ಹೆಸರನ್ನು ಯಾರು ಕೇಳಿಸಿಕೊಳ್ಳುತ್ತಾರೆ ಎಂದು ಮನೆಯವರನ್ನು ಒಂದು ಮಾತು ವಿಚಾರಿಸಿ. ಇನ್ನು ಮುಂದೆ ಯಾರದ್ದಾದರೂ ಫೋಟೋ ತೆಗೆಯುವಾಗ ಸೂರ್ಯ ಯಾವ ಕಡೆ ಇದ್ದಾನೆ ನೋಡಿಕೊಂಡು, ಆಗಲೇ ಬರೆದಿಟ್ಟುಬಿಡಿ.