ಬಿಳಿಯರ ರೋಗಕ್ಕೆ ಕಂಪ್ಲಿಯ ವಿಳಾಸ ಕೊಟ್ಟವರು ಯಾರು?

ಮಾನ್ಯ ಮಲ್ಟಿಪಲ್ ಸ್ಕ್ಲೆರೋಸಿಸ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ, ಕಂಪ್ಲಿಯ ಅಕ್ಕಿ ಗಿರಣಿ ಮನೆಯ ಸೊಸೆ ಗಂಗಾಂಬಿಕಾ ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನನ್ನ ಎಡಗಾಲೊಂದನ್ನು ಬಿಟ್ಟು ಎಲ್ಲರೂ ಕ್ಷೇಮ.

ತಾವು ಚಳಿದೇಶದ ಬಿಳಿಯರ ಮನೆಗಷ್ಟೇ ಹೋಗುವ ದೊಡ್ಡವರೆಂದೂ, ನರಗಳ ಹೊದಿಕೆ ತಿನ್ನುವ ತಾವು ಅವರದನ್ನಲ್ಲದೆ ಬೇರೆಯವರದನ್ನು ಮೂಸಿಯೂ ನೋಡುವುದಿಲ್ಲವೆಂದೂ ವೈದ್ಯರು ಓದಿದ ಪುಸ್ತಕದಲ್ಲಿ ಇತ್ತಂತೆ. ಹೀಗಾಗಿ, ಎಡಗಾಲು ಜೋಮು ಹಿಡಿದು ಚಪ್ಪಲಿ ಜಾರಿಹೋದದ್ದೂ ತಿಳಿಯದೆ ನಾನು ಬಜಾರಿನಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ ಮೇಲೆ, ಹೊಸಪೇಟೆಯ ಡಾಕ್ಟರರೊಬ್ಬರು ಇದು ತಾವೇ ಇರಬಹುದೆಂಬ ಅನುಮಾನ ಬಂದರೂ ನುಂಗಿಕೊಂಡು, “ನಮ್ಮ ಮಂದಿಗೆ ಅದು ಬರೂದಿಲ್ಲ ಬಿಡ್ರಿ” ಎಂದು ವಿಟಮಿನ್ ಬರೆದುಕೊಟ್ಟರು. ನಾಲ್ಕು ವರ್ಷ ನುಂಗಿದೆ.

ನಮ್ಮ ಅತ್ತೆ ಅಕ್ಕನಾಗಮ್ಮನವರು ವಿಟಮಿನ್ ನಂಬುವವರಲ್ಲ. ಬೇಯಿಸಿದ ಭತ್ತವನ್ನು ಒಣಹಾಕುವ ಸಿಮೆಂಟು ಕಣ ಗಿರಣಿಯ ಹಿಂದಿದೆ. ಜೋಮು ಹಿಡಿದ ಕಾಲನ್ನು ಅದರ ಮೇಲೆ ಕಾಸುವುದು ಈ ಮನೆಯ ಹಳೆಯ ಮದ್ದು. “ನರ ತಣ್ಣಗಾಗ್ಯಾವ, ಕಣದಾಗ ಅಡ್ಡಾಡವಾ” ಎಂದು ಪ್ರೀತಿಯಿಂದಲೇ ಎರಡು ಬೇಸಿಗೆ ನನ್ನನ್ನು ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ನಡೆಸಿದರು. ಮೈ ಬಿಸಿಯಾದಷ್ಟೂ ತಮ್ಮ ಉಪಟಳ ಹೆಚ್ಚೆಂದು ಆಗ ಯಾರಿಗೆ ಗೊತ್ತು? ಭತ್ತ ಒಣಗಿತು, ನಾನು ಅದರ ಮೇಲೇ ಕುಸಿದೆ. ಕೊನೆಗೆ ಸ್ಕ್ಯಾನಿನಲ್ಲಿ ತಾವು ಸಿಕ್ಕಿಬಿದ್ದಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಾಲು ಹೋದದ್ದಕ್ಕಿಂತ ಆ ನಾಲ್ಕು ವರ್ಷ ಹೋದದ್ದಕ್ಕೆ.

ಆದರೂ ತಮ್ಮ ಸಮದೃಷ್ಟಿಯನ್ನು ಹೊಗಳದೆ ಇರಲಾರೆ. ಅಮೆರಿಕದಲ್ಲಿ ಎಷ್ಟೋ ಕಪ್ಪು ಜನರಿಗೆ ತಾವು ಬಿಳಿಯರಿಗಿಂತ ಬೇಗ ಕೋಲು ಹಿಡಿಸುತ್ತೀರಂತೆ. ಔಷಧಿಯ ಪರೀಕ್ಷೆಗೆ ಮಾತ್ರ ಹೆಚ್ಚಾಗಿ ಬಿಳಿಯರನ್ನೇ ಕರೆಯುತ್ತಾರಂತೆ. ಭೇದ ಮಾಡುವವರು ತಾವೋ, ಪುಸ್ತಕದವರೋ ಎಂಬುದು ನನಗೆ ಬಗೆಹರಿದಿಲ್ಲ.

ಆದಕಾರಣ, ಇನ್ನು ಮುಂದೆ ನಮ್ಮ ಕಡೆ ದಯಮಾಡಿಸುವಾಗ ನಾಡಕಚೇರಿಯಿಂದ ವಾಸಸ್ಥಳದ ಪ್ರಮಾಣಪತ್ರ ಪಡೆದು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರಂತೆ ಕೊರಳಿಗೆ ಫೋಟೊ ಕಾರ್ಡು ಹಾಕಿಕೊಂಡು, ಮೊದಲು ಡಾಕ್ಟರರಿಗೆ ಮುಖ ತೋರಿಸಿ ಬರಬೇಕಾಗಿ ವಿನಂತಿ. ಅದಾಗದಿದ್ದರೆ ಏಪ್ರಿಲ್, ಮೇ ಎರಡು ತಿಂಗಳಾದರೂ ತಮ್ಮ ಚಳಿದೇಶಕ್ಕೆ ರಜೆಯ ಮೇಲೆ ಹೋಗಿಬನ್ನಿ.

ಬೇರೆ ದಾರಿಯಿಲ್ಲದೆ, ತಮ್ಮ ವಿಶ್ವಾಸಿ,
ಗಂಗಾಂಬಿಕಾ

ಮರೆತ ಮಾತು: ನಮ್ಮ ಕಣದಲ್ಲಿ ಭತ್ತ ಹರಡುವ ಎರ್ರಮ್ಮನ ಚಪ್ಪಲಿಯೂ ಹೋದ ತಿಂಗಳಿಂದ ತಾನಾಗಿ ಜಾರುತ್ತಿದೆ. ಅವಳಿಗೂ ವಿಟಮಿನ್ ಸಿಕ್ಕಿದೆ. ನಾಳೆ ನನ್ನ ಸ್ಕ್ಯಾನಿನ ಫಿಲ್ಮು ಹಿಡಿದು, ಅವಳನ್ನು ಕರೆದುಕೊಂಡು, ಅದೇ ಡಾಕ್ಟರರ ಎದುರು ಕೂರುತ್ತೇನೆ. ನನ್ನ ಕಾಲಿನ ಗುಣ ತಮಗೆ ಗೊತ್ತೇ ಇದೆ: ಒಮ್ಮೆ ಕೂತರೆ ಬೇಗ ಏಳಲಾಗುವುದಿಲ್ಲ.